ಮೀನಿನ ತೊಟ್ಟಿಗೆ ಚಳಿಗಾಲದ ಹೊದಿಕೆ: ಮೊದಲು ಬಾಯಿ, ಆಮೇಲೆ ಮೈ

ಎರಡು ಕಿಲೋವ್ಯಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್. ಅದರ ಸ್ವಿಚ್ ಮೇಲೆ ಮನೆಯವರೆಲ್ಲರ ಕಣ್ಣಿರುತ್ತದೆ. ಹಾಲ್‌ನ ಮೂಲೆಯಲ್ಲಿರುವ ಅಕ್ವೇರಿಯಂನ ಹೀಟರ್ ಚಳಿಗಾಲದಲ್ಲಿ ಸದ್ದಿಲ್ಲದೆ ದಿನಕ್ಕೆ ಎರಡು ಯೂನಿಟ್ ಎಳೆದರೂ ಅದರ ಕಡೆ ಯಾರೂ ನೋಡುವುದಿಲ್ಲ, ಏಕೆಂದರೆ ಅದರ ಮೇಲೆ ಬರೆದಿರುವುದು ಬರೀ 100 ವ್ಯಾಟ್.

ಗೃಹಜ್ಯೋತಿ ಯೋಜನೆಯ ಮನೆಗಳಲ್ಲಿ ಇದರ ಪೆಟ್ಟು ಇನ್ನೂ ಜೋರು. ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚುವರಿ ಬಳಕೆಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಇಡೀ ಬಿಲ್ಲನ್ನೇ ಕಟ್ಟಬೇಕು. 150 ಯೂನಿಟ್ ಬಳಸುವ ಮನೆಗೆ ಹೀಟರ್‌ನ 60 ಯೂನಿಟ್ ಸೇರಿದರೆ ಗಡಿ ದಾಟಿದಂತೆಯೇ. ಯೂನಿಟ್‌ಗೆ ಆರು ರೂಪಾಯಿ ಎಂದಿಟ್ಟುಕೊಂಡರೂ 1,200 ರೂಪಾಯಿ ಮೀರಿದ ಬಿಲ್ ಬರುತ್ತದೆ.

ಈ ಖರ್ಚನ್ನು ಅರ್ಧಕ್ಕಿಂತ ಹೆಚ್ಚು ಇಳಿಸಲು ದೊಡ್ಡ ಸಾಮಾನೇನೂ ಬೇಕಾಗಿಲ್ಲ. ಗಾಜಿನ ಅಂಗಡಿಯಲ್ಲಿ ಕತ್ತರಿಸಿದ ಒಂದು ಮುಚ್ಚಳ, ಒಂದೆರಡು ಥರ್ಮಾಕೋಲ್ ಹಾಳೆ, ಒಂದು ಸುತ್ತು ಟೇಪ್, ಒಂದು ಭಾನುವಾರದ ಮಧ್ಯಾಹ್ನ ಸಾಕು. ಆದರೆ ಕೆಲಸದ ಕ್ರಮ ಮುಖ್ಯ. ಬಹಳಷ್ಟು ಮಂದಿ ತೊಟ್ಟಿಯ ಸುತ್ತ ಥರ್ಮಾಕೋಲ್ ಕಟ್ಟಿ, ಮೇಲ್ಭಾಗವನ್ನು ಹಾಗೇ ತೆರೆದಿಡುತ್ತಾರೆ. ಬಿಸಿ ಅನ್ನದ ಪಾತ್ರೆಗೆ ತಟ್ಟೆ ಮುಚ್ಚದೆ ಸುತ್ತಲೂ ಕಂಬಳಿ ಹೊದಿಸಿದ ಹಾಗೆ ಅದು.

ಹೀಟರ್ ನಿಜಕ್ಕೂ ಬೇಕೇ?

ಐವತ್ತು ನೂರು ರೂಪಾಯಿಯ ಥರ್ಮಾಮೀಟರ್ ಒಂದನ್ನು ತೊಟ್ಟಿಯಲ್ಲಿಟ್ಟು, ಬೆಳಗಿನ ಜಾವ ಮತ್ತು ಮಧ್ಯಾಹ್ನ ಕೆಲವು ದಿನ ನೋಡಿ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಹೊರಗೆ 15–16 ಡಿಗ್ರಿಗೆ ಇಳಿದರೂ ಕಿಟಕಿ ಮುಚ್ಚಿದ ಮನೆಯೊಳಗೆ ಅಷ್ಟು ತಣ್ಣಗಾಗುವುದಿಲ್ಲ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ 10 ಡಿಗ್ರಿಗೂ ಕೆಳಗಿಳಿಯುತ್ತದೆ. ಅಲ್ಲಿಯ ಲೆಕ್ಕವೇ ಬೇರೆ.

ಗೋಲ್ಡ್‌ಫಿಶ್‌ಗೆ ಹೀಟರ್ ಬೇಡವೇ ಬೇಡ. ಜೀಬ್ರಾ ಡೇನಿಯೋಗೆ, ರೋಸಿ ಬಾರ್ಬ್‌ಗೆ, ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಮಿಸ್ ಕೇರಳಕ್ಕೆ ತಂಪು ನೀರೇ ಹಿತ. ಗಪ್ಪಿ, ಮೋಲಿಗಳಿಗೆ 22–24 ಡಿಗ್ರಿ ಸ್ಥಿರವಾಗಿದ್ದರೆ ಸಾಕು. ಫೈಟರ್‌ಗೆ 25–27, ಏಂಜಲ್‌ಗೆ 25–28, ಫ್ಲವರ್‌ಹಾರ್ನ್‌ಗೆ ಮತ್ತು ಡಿಸ್ಕಸ್‌ಗೆ 28ರ ಮೇಲೆ ಬೇಕು. ಗಪ್ಪಿ ತೊಟ್ಟಿಯನ್ನು 28ಕ್ಕೆ ಇಟ್ಟುಕೊಂಡು ಬಿಲ್ಲಿಗೆ ಹೆದರುವವರು ಮೊದಲು ಹೀಟರ್‌ನ ಗುಂಡಿಯನ್ನು ತಿರುಗಿಸಬೇಕು. ಕೋಣೆ 20 ಡಿಗ್ರಿ, ನೀರು 28 ಡಿಗ್ರಿ ಇದ್ದರೆ ವ್ಯತ್ಯಾಸ ಎಂಟು. ಒಂದು ಡಿಗ್ರಿ ಇಳಿಸಿದರೆ ಖರ್ಚಿನಲ್ಲಿ ಎಂಟನೇ ಒಂದು ಪಾಲು ಹೋಯಿತು. ಇಳಿಸುವುದನ್ನು ದಿನಕ್ಕೆ ಒಂದು ಡಿಗ್ರಿಯಂತೆ ಮಾಡಿ. ಸ್ವಲ್ಪ ತಂಪಾದ, ಆದರೆ ಸ್ಥಿರವಾದ ನೀರನ್ನು ಮೀನು ತಡೆದುಕೊಳ್ಳುತ್ತದೆ. ರಾತ್ರಿ ಇಳಿದು ಹಗಲು ಏರುವ ನೀರನ್ನಲ್ಲ. ಚಳಿಗಾಲದಲ್ಲಿ ಬಿಳಿ ಚುಕ್ಕಿ ರೋಗ ಹೆಚ್ಚಾಗಿ ಬರುವುದು ಇಂಥ ಏರಿಳಿತದ ಬೆನ್ನಿಗೇ.

ಹೀಟರ್ ಬೇಕೆಂದಾದರೆ ಅದು ಈಗ ಎಷ್ಟು ಉರಿಯುತ್ತಿದೆ ಎಂದು ತಿಳಿದುಕೊಳ್ಳಿ. ಪ್ಲಗ್‌ಗೆ ಸಿಕ್ಕಿಸುವ ಎನರ್ಜಿ ಮೀಟರ್ ಇದ್ದರೆ ಸುಲಭ. ಇಲ್ಲದಿದ್ದರೆ ರಾತ್ರಿ ಒಂದು ಗಂಟೆ ಹೀಟರ್‌ನ ಕೆಂಪು ದೀಪವನ್ನು ಗಮನಿಸಿ. 100 ವ್ಯಾಟ್‌ನ ಹೀಟರ್ ಗಂಟೆಯಲ್ಲಿ 36 ನಿಮಿಷ ಉರಿದರೆ ಸರಾಸರಿ 60 ವ್ಯಾಟ್, ಅಂದರೆ ದಿನಕ್ಕೆ ಸುಮಾರು ಒಂದೂವರೆ ಯೂನಿಟ್. ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಹೊದಿಕೆ ಹಾಕಿದ ಮೇಲೆ ಇದೇ ಹೊತ್ತಿನಲ್ಲಿ, ಇದೇ ರೀತಿ ಮತ್ತೆ ನೋಡಿದರೆ ಕೆಲಸ ಎಷ್ಟರಮಟ್ಟಿಗೆ ಫಲ ಕೊಟ್ಟಿತೆಂದು ಕಣ್ಣಿಗೆ ಕಾಣುತ್ತದೆ.

ಮುಚ್ಚಳ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಸುಮಾರು 60 ಲೀಟರ್ ನೀರಿನ ತೊಟ್ಟಿಯನ್ನು ತೆಗೆದುಕೊಳ್ಳೋಣ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಅಳತೆಗಳಲ್ಲಿ ಇದೂ ಒಂದು. ಕೋಣೆ 20, ನೀರು 28 ಇರುವಾಗ ತೆರೆದ ತೊಟ್ಟಿ ಸುಮಾರು 90 ವ್ಯಾಟ್‌ನಷ್ಟು ಶಾಖ ಕಳೆದುಕೊಳ್ಳುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುವುದು ನೀರಿನ ಮೇಲ್ಮೈಯಿಂದ, ಅದರಲ್ಲೂ ಬಹುಪಾಲು ಆವಿಯಾಗಿ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖ ಒಂದು ಯೂನಿಟ್‌ನ ಮೂರನೇ ಎರಡು ಭಾಗ. ಆವಿ ಹಾರಿ ಹೋಗುವಾಗ ಆ ಶಾಖವನ್ನೂ ಹೊತ್ತುಕೊಂಡೇ ಹೋಗುತ್ತದೆ.

ಇದನ್ನು ನಿಮ್ಮ ತೊಟ್ಟಿಯಲ್ಲೇ ಅಳೆಯಬಹುದು. ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿನ ಹೊರಗೆ ಒಂದು ಟೇಪಿನ ತುಂಡು ಅಂಟಿಸಿ, ದಿನ ಬಿಟ್ಟು ದಿನ ನೋಡಿ. ಎರಡು ಅಡಿ ತೊಟ್ಟಿಯಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 1.8 ಲೀಟರ್ ಹೋಯಿತು, ಅದರ ಜೊತೆಗೆ 1.2 ಯೂನಿಟ್‌ನ ಶಾಖವೂ ಹೋಯಿತು. ಸೊಳ್ಳೆಗೆಂದು ಚಳಿಗಾಲದಲ್ಲೂ ರಾತ್ರಿಯಿಡೀ ಸೀಲಿಂಗ್ ಫ್ಯಾನ್ ಹಾಕಿಕೊಂಡು ಮಲಗುವ ಮನೆಗಳಲ್ಲಿ ಟೇಪಿನ ಕೆಳಗೆ ನೀರು ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ನೋಡಿದವರಿಗೆ ಮುಚ್ಚಳದ ಬೆಲೆ ಬೇರೆಯಾಗಿ ಹೇಳಬೇಕಾಗಿಲ್ಲ. ಬಿಗಿಯಾದ ಮುಚ್ಚಳ ಬಿದ್ದರೆ ಮೇಲಿನಿಂದ ಹೋಗುವ ಶಾಖ ಮೂರನೇ ಒಂದಕ್ಕೆ ಇಳಿಯುತ್ತದೆ. ಹೊದಿಕೆಯ ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಉಳಿತಾಯ ಕೊಡುವ ಹೆಜ್ಜೆ ಇನ್ನೊಂದಿಲ್ಲ.

ಮುಚ್ಚಳಕ್ಕೆ 4 ಮಿಲಿಮೀಟರ್ ಗಾಜು ಒಳ್ಳೆಯದು. ತೊಟ್ಟಿಯ ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ ಅಳೆದು, ಎರಡೂ ದಿಕ್ಕಿನಲ್ಲಿ ನಾಲ್ಕೈದು ಮಿಲಿಮೀಟರ್ ಕಡಿಮೆ ಬರೆದುಕೊಳ್ಳಿ. ಗಾಜಿನ ಅಂಗಡಿಯವರಿಗೆ ಮೂರು ಮಾತು ಹೇಳಬೇಕು: ಎರಡು ತುಂಡು ಮಾಡಿ, ಹಿಂದಿನ ತುಂಡಿನ ಒಂದು ಮೂಲೆಯನ್ನು ಎರಡು ಬೆರಳು ಅಗಲ ಕತ್ತರಿಸಿ, ಎಲ್ಲ ಅಂಚುಗಳನ್ನೂ ಉಜ್ಜಿಕೊಡಿ. ಆಹಾರ ಹಾಕಲು ಮುಂದಿನ ತುಂಡನ್ನು ಮಾತ್ರ ಎತ್ತಿದರೆ ಸಾಕು. ಕತ್ತರಿಸಿದ ಮೂಲೆಯಿಂದ ಹೀಟರ್‌ನ ವೈರು, ಗಾಳಿಯ ಕೊಳವೆ ಹೊರಬರುತ್ತವೆ.

ಮುಚ್ಚಳ ಕೂರಲು ತೊಟ್ಟಿಯ ಒಳಬದಿಯಲ್ಲಿ, ಮೇಲಿನ ಅಂಚಿನಿಂದ ಒಂದು ಸೆಂಟಿಮೀಟರ್ ಕೆಳಗೆ, ಗಾಜಿನ ಸಣ್ಣ ಪಟ್ಟಿಗಳನ್ನು ಸಿಲಿಕಾನ್‌ನಿಂದ ಅಂಟಿಸಬೇಕು. ಬಚ್ಚಲುಮನೆಗೆಂದು ಮಾರುವ, ಬೂಷ್ಟು ತಡೆಯುವ ಸಿಲಿಕಾನ್ ಬೇಡ. ಅದರಲ್ಲಿರುವ ಔಷಧ ಮೀನಿಗೆ ವಿಷ. ಅಕ್ವೇರಿಯಂ ಸಿಲಿಕಾನ್ ಎಂದೇ ಕೇಳಿ ತನ್ನಿ, ಅಂಟಿಸುವ ಮುನ್ನ ನೀರಿನ ಮಟ್ಟವನ್ನು ಇಳಿಸಿ ಗಾಜನ್ನು ಒಣಗಿಸಿ, ಅಂಟಿಸಿದ ಮೇಲೆ ಎರಡು ದಿನ ಆ ಜಾಗಕ್ಕೆ ನೀರು ಮುಟ್ಟಿಸಬೇಡಿ. ಇಷ್ಟು ರಗಳೆ ಬೇಡವೆನ್ನುವವರಿಗೆ ಅಂಚಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳೂ ಸಿಗುತ್ತವೆ. ಮುಚ್ಚಳ ಅಂಚಿನ ಮೇಲೆ ಕೂರುವುದಕ್ಕಿಂತ ಒಳಗೆ ಕೂರುವುದು ಮೇಲು, ಏಕೆಂದರೆ ಒಳಮೈಯಲ್ಲಿ ಕಟ್ಟುವ ಹನಿ ತೊಟ್ಟಿಗೇ ಮರಳುತ್ತದೆ. ಹೊರಗೆ ಜಾರಿ ಸ್ಟ್ಯಾಂಡಿನ ಮರವನ್ನು ಉಬ್ಬಿಸುವುದಿಲ್ಲ.

ಅಕ್ರಿಲಿಕ್ ಹಾಳೆ ಕೆಲವೇ ವಾರಗಳಲ್ಲಿ ಬಾಗುತ್ತದೆ. ಚಾವಣಿಗೆ ಬಳಸುವ, ಒಳಗೆ ಟೊಳ್ಳಿರುವ ಪಾಲಿಕಾರ್ಬೊನೇಟ್ ಹಾಳೆ ಸಿಕ್ಕರೆ ಅದು ಗಾಜಿಗಿಂತಲೂ ಚೆನ್ನಾಗಿ ಶಾಖ ಹಿಡಿಯುತ್ತದೆ, ಹಗುರವೂ ಹೌದು. ಬೆಳಕು ಸ್ವಲ್ಪ ಮಂದವಾಗುವುದರಿಂದ ಗಿಡ ಬೆಳೆಸಿದವರಿಗೆ ಅದು ಹಿಡಿಸದಿರಬಹುದು.

ಮುಚ್ಚಿದರೆ ಮೀನಿಗೆ ಉಸಿರು ಕಟ್ಟುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಫಿಲ್ಟರ್‌ನ ನೀರು ಮೇಲ್ಮೈಯನ್ನು ಕಲಕುತ್ತಿದ್ದರೆ, ಏರ್ ಪಂಪ್ ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತಿದ್ದರೆ, ಆ ಎರಡು ಬೆರಳಿನ ಸಂದಿ ಸಾಕು. ಸಂದಿಯನ್ನು ಟೇಪ್ ಹಾಕಿ ಮುಚ್ಚಬೇಡಿ, ಅಷ್ಟೇ. ಫೈಟರ್, ಗೌರಾಮಿಯಂಥ ಮೀನುಗಳು ಮೇಲೆ ಬಂದು ಗಾಳಿ ಗುಟುಕರಿಸುತ್ತವೆ. ಮುಚ್ಚಳದಡಿಯ ಬೆಚ್ಚನೆಯ ಗಾಳಿ ಅವಕ್ಕೆ ಹಿತವೇ. ಏರ್ ಪಂಪ್‌ನ ಗುಳ್ಳೆಗಳು ಬೇಕಾದ್ದಕ್ಕಿಂತ ಜೋರಾಗಿದ್ದರೆ ಕೊಳವೆಯ ವಾಲ್ವ್ ತಿರುಗಿಸಿ ತಗ್ಗಿಸಿ. ಒಡೆಯುವ ಪ್ರತಿ ಗುಳ್ಳೆಯೂ ಒಂದಿಷ್ಟು ಆವಿಯನ್ನು ಒಯ್ಯುತ್ತದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಮುಚ್ಚಳದ ಒಳಮೈಗೆ ಬಿಳಿ ಉಪ್ಪು ಹತ್ತಿ ಬೆಳಕು ತಡೆಯುತ್ತದೆ. ವಾರಕ್ಕೊಮ್ಮೆ ಹೊರಗೆ ತೆಗೆದು ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಇಡಿ. ಸಾಬೂನು ಮುಟ್ಟಿಸಬೇಡಿ.

ಹಿಂಬದಿ ಮತ್ತು ಪಕ್ಕಗಳು

ಈಗ ಥರ್ಮಾಕೋಲ್. ಗಾಜಿಗಿಂತ ಅದು ಸುಮಾರು ಮೂವತ್ತು ಪಟ್ಟು ಚೆನ್ನಾಗಿ ಶಾಖವನ್ನು ತಡೆಯುತ್ತದೆ. ಅರ್ಧ ಇಂಚಿನ ಹಾಳೆ ಹಚ್ಚಿದರೆ ಆ ಬದಿಯಿಂದ ಸೋರುವ ಶಾಖ ಮೂರನೇ ಒಂದಕ್ಕಿಂತ ಕೆಳಗಿಳಿಯುತ್ತದೆ, ಒಂದು ಇಂಚಿನದಾದರೆ ಐದನೇ ಒಂದಕ್ಕೆ. ಎರಡು ಇಂಚು ಹಾಕಿದರೆ ಇನ್ನೂ ಇಳಿಯುತ್ತದೆ, ಆದರೆ ಉಳಿಯುವುದು ಎರಡು ಮೂರು ವ್ಯಾಟ್ ಮಾತ್ರ. ಒಂದು ಇಂಚಿಗೆ ನಿಲ್ಲಿಸಿ.

ಹಾಳೆ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೂ ಮೊದಲು ನೀವು ಮೀನು ಕೊಳ್ಳುವ ಅಂಗಡಿಯಲ್ಲಿ ಒಂದು ಮಾತು ಕೇಳಿ. ಅವರಿಗೆ ಮೀನು ಬರುವುದೇ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ. ಖಾಲಿ ಪೆಟ್ಟಿಗೆಗಳು ಅಂಗಡಿಯ ಹಿಂದೆ ರಾಶಿ ಬಿದ್ದಿರುತ್ತವೆ. ಅವುಗಳ ಗೋಡೆ ಗಟ್ಟಿ, ದಪ್ಪ, ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಹೊಸ ಟಿವಿ, ಫ್ರಿಜ್ ಬಂದ ಪೆಟ್ಟಿಗೆಯ ಚಪ್ಪಟೆ ಭಾಗವೂ ಆಗುತ್ತದೆ.

ಕತ್ತರಿಸುವುದನ್ನು ತೊಟ್ಟಿಯಿಂದ ದೂರ, ಸಾಧ್ಯವಾದರೆ ಮನೆಯ ಹೊರಗೆ ಮಾಡಿ. ಪೇಪರ್ ಕಟರ್‌ಗೆ ಹೊಸ ಬ್ಲೇಡ್ ಹಾಕಿ, ಸ್ಟೀಲ್ ಪಟ್ಟಿ ಒತ್ತಿ ಹಿಡಿದು, ಒಂದೇ ಸಲಕ್ಕೆ ಜಗ್ಗದೆ ಮೂರು ನಾಲ್ಕು ಬಾರಿ ಹಗುರವಾಗಿ ಎಳೆಯಿರಿ. ಮೊಂಡು ಬ್ಲೇಡ್ ಅಂಚನ್ನು ಕೊರೆಯುವ ಬದಲು ಹರಿಯುತ್ತದೆ. ಆಗ ಉದುರುವ ಬಿಳಿ ಮಣಿಗಳು ಕೈಗೆ, ಬಟ್ಟೆಗೆ, ಕೂದಲಿಗೆ ಅಂಟಿಕೊಂಡು ಮನೆಯೆಲ್ಲ ಓಡಾಡುತ್ತವೆ. ಅವು ನೀರಿಗೆ ಬಿದ್ದರೆ ತೇಲುತ್ತವೆ, ಮೀನು ಆಹಾರವೆಂದು ನುಂಗುತ್ತದೆ. ಕತ್ತರಿಸಿದ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸುತ್ತಲೂ ಟೇಪ್ ಮಡಚಿ ಅಂಟಿಸಿಬಿಟ್ಟರೆ ಈ ತಾಪತ್ರಯ ಅಲ್ಲಿಗೆ ಮುಗಿಯುತ್ತದೆ.

ಗಾಜಿಗೂ ಹಾಳೆಗೂ ನಡುವೆ ಒಂದು ಕಪ್ಪು ಚಾರ್ಟ್ ಪೇಪರ್ ಇಡಿ. ಹಿಂಬದಿ ಅಂದವಾಗಿ ಕಾಣುತ್ತದೆ, ಮೀನಿನ ಬಣ್ಣವೂ ಎದ್ದು ತೋರುತ್ತದೆ. ಹಾಳೆಯನ್ನು ಗಾಜಿಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಾಕಬೇಕು, ಕೆಳಗಿನ ಅಂಚಿಗೂ ಬಿಡದೆ. ಅಲ್ಲಿ ಸಂದಿ ಉಳಿದರೆ ತಣ್ಣನೆ ಗಾಳಿ ಕೆಳಗಿನಿಂದ ನುಗ್ಗಿ, ಬಿಸಿಯಾಗಿ ಮೇಲಿನಿಂದ ಹೊರಡುತ್ತದೆ. ಹೊದಿಕೆ ಇದ್ದೂ ಇಲ್ಲದಂತಾಗುತ್ತದೆ. ಅಂಟು ಬಳಸುವುದಾದರೆ ಬಿಳಿ ಫೆವಿಕಾಲ್ ಸರಿ. ಚಪ್ಪಲಿಗೆ, ರೆಕ್ಸಿನ್‌ಗೆ ಹಚ್ಚುವ ರಬ್ಬರ್ ಅಂಟು ಥರ್ಮಾಕೋಲನ್ನೇ ಕರಗಿಸಿಬಿಡುತ್ತದೆ. ನನ್ನ ಒಲವು ಟೇಪಿಗೇ, ಏಕೆಂದರೆ ಬೇಸಿಗೆಗೆ ಇದನ್ನೆಲ್ಲ ಬಿಚ್ಚಬೇಕು.

ಹೊಳೆಯುವ ಅಲ್ಯೂಮಿನಿಯಂ ಹಾಳೆ ಮೆತ್ತಿದ ಫೋಮ್ ಅನ್ನು ಕೆಲವರು ಹೆಚ್ಚು ಬೆಲೆ ಕೊಟ್ಟು ತರುತ್ತಾರೆ. ಹೊಳಪಿನ ಮೈಯ ಮುಂದೆ ಗಾಳಿಯ ತೆರಪು ಇದ್ದರೆ ಮಾತ್ರ ಆ ಹೊಳಪಿಗೆ ಬೆಲೆ. ಗಾಜಿಗೆ ಒತ್ತಿ ಅಂಟಿಸಿದಾಗ ಒಳಗಿನ ಫೋಮ್ ಎಷ್ಟು ದಪ್ಪವೋ ಅಷ್ಟೇ ಪ್ರಯೋಜನ. ಮೇಲಾಗಿ ಅಲ್ಯೂಮಿನಿಯಂ ವಿದ್ಯುತ್ ಹರಿಸುವ ವಸ್ತು. ನೀರು, ವೈರು, ಪ್ಲಗ್ ಇರುವಲ್ಲಿ ಅದು ಬೇಡ.

ಥರ್ಮಾಕೋಲ್‌ಗೆ ಬೆಂಕಿ ಬೇಗ ಹತ್ತುತ್ತದೆ. ಬಿಸಿಯಾಗುವ ದೀಪ, ಪಂಪ್, ಅಡಾಪ್ಟರ್ ಯಾವುದನ್ನೂ ಅದಕ್ಕೆ ತಾಗಿಸಿ ಇಡಬೇಡಿ. ದೀಪಾವಳಿಯ ಹಣತೆ, ಊದುಬತ್ತಿ ಹತ್ತಿರ ಸುಳಿಯದಿರಲಿ.

ಹಿಂಬದಿ ಮುಚ್ಚಿದ ಮೇಲೆ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ತಿಂಗಳಿಗೊಮ್ಮೆ ಕೆಳಗಿನ ಟೇಪ್ ಬಿಚ್ಚಿ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಚಾರ್ಟ್ ಪೇಪರ್ ಒದ್ದೆಯಾಗಿದ್ದರೆ ಗಾಜಿನ ಸಿಲಿಕಾನ್ ಬಿಟ್ಟಿದೆಯೆಂದೇ ತಿಳಿಯಿರಿ.

ತಳ, ಮುಂಭಾಗ

ತಳದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೊಸದಾಗಿ ತೊಟ್ಟಿ ಕೂರಿಸುವಾಗಲೇ ಅಡಿಗೆ ಥರ್ಮಾಕೋಲ್ ಹಾಳೆ ಹಾಸುವ ರೂಢಿ ನಮ್ಮಲ್ಲಿದೆ. ಅದು ಭಾರವನ್ನೂ ಸಮನಾಗಿ ಹಂಚುತ್ತದೆ. ಅಡಿಗೆ ಪ್ಲಾಸ್ಟಿಕ್ ಚೌಕಟ್ಟು ಇರುವ ತೊಟ್ಟಿಗಳಿಗೆ ಮಾತ್ರ ಹಾಸಬಾರದು. ಈಗಾಗಲೇ ತುಂಬಿದ ತೊಟ್ಟಿಯನ್ನು ಎತ್ತಿ ಹಾಳೆ ತೂರಿಸುವ ಯೋಚನೆಯನ್ನು ಬಿಟ್ಟುಬಿಡಿ. 60 ಲೀಟರ್ ನೀರೇ 60 ಕಿಲೋ, ಅದರ ಮೇಲೆ ಮರಳು, ಕಲ್ಲು. ಎತ್ತಿದರೆ ಗಾಜು ಬಿರಿಯುತ್ತದೆ, ಬೆನ್ನಿಗೂ ಪೆಟ್ಟು. ಕಬ್ಬಿಣದ ತೆರೆದ ಸ್ಟ್ಯಾಂಡ್ ಆಗಿದ್ದರೆ ಹಲಗೆಯ ಕೆಳಮೈಗೆ ಹಾಳೆ ಅಂಟಿಸಿದರಾಯಿತು.

ಮುಂದಿನ ಗಾಜನ್ನು ಹಗಲು ಮುಚ್ಚಿದರೆ ತೊಟ್ಟಿ ಇಟ್ಟುಕೊಂಡ ಸುಖವೇ ಇಲ್ಲ. ದೀಪ ಆರಿಸಿದ ಮೇಲೆ ಎರಡು ಮಡಿಕೆ ಬಬಲ್ ರ‍್ಯಾಪ್ ಅಥವಾ ಹಳೆಯ ಯೋಗ ಮ್ಯಾಟ್‌ನ ತುಂಡನ್ನು ವೆಲ್ಕ್ರೊ ಪಟ್ಟಿಯಿಂದ ಹಚ್ಚಿ, ಬೆಳಿಗ್ಗೆ ತೆಗೆಯಿರಿ. ಮೀನಿಗೂ ನೆಮ್ಮದಿಯ ಕತ್ತಲು. ದಪ್ಪ ಬಟ್ಟೆಯ ಪರದೆಯೂ ಆಗುತ್ತದೆ, ಆದರೆ ಅದರ ತುದಿ ತೊಟ್ಟಿಯೊಳಗಿನ ನೀರಿಗೆ ತಾಗಬಾರದು. ತಾಗಿದರೆ ಬಟ್ಟೆ ದೀಪದ ಬತ್ತಿ ಎಣ್ಣೆ ಹೀರುವಂತೆಯೇ ನೀರನ್ನು ಹೀರಿ, ರಾತ್ರಿ ಬೆಳಗಾಗುವುದರಲ್ಲಿ ನೆಲಕ್ಕೆ ಇಳಿಸಿರುತ್ತದೆ.

ತೊಟ್ಟಿಯ ಹೊರಗೆ ಕೂರುವ ಕ್ಯಾನಿಸ್ಟರ್ ಫಿಲ್ಟರ್ ಇದ್ದವರು ಅದರ ಕೊಳವೆಗಳಿಗೂ ಫೋಮ್ ಸುತ್ತಬಹುದು. ಸಂಪ್, ಅಂದರೆ ಫಿಲ್ಟರ್‌ಗೆಂದು ಕೆಳಗಿಡುವ ಎರಡನೇ ತೊಟ್ಟಿ, ಇದ್ದವರು ಅದರ ಬಾಯಿಯನ್ನು ಮರೆಯದೆ ಮುಚ್ಚಿ. ಮೇಲಿನ ತೊಟ್ಟಿ ಮುಚ್ಚಿ ಕೆಳಗಿನ ಸಂಪ್ ತೆರೆದಿಟ್ಟರೆ ಆವಿ ಅಲ್ಲಿಂದ ಹೋಗುತ್ತದೆ.

ಹೊದಿಕೆಯ ನಂತರ ಹೀಟರ್

ಇಷ್ಟಾದ ಮೇಲೆ ಅದೇ ತೊಟ್ಟಿ ಕಳೆದುಕೊಳ್ಳುವ ಶಾಖ 90 ವ್ಯಾಟ್‌ನಿಂದ 40ರ ಆಸುಪಾಸಿಗೆ ಇಳಿದಿರುತ್ತದೆ. ತಿಂಗಳಿಗೆ ಸುಮಾರು 35 ಯೂನಿಟ್ ಉಳಿತಾಯ. ಕೆಂಪು ದೀಪದ ಲೆಕ್ಕವನ್ನು ಮತ್ತೊಮ್ಮೆ ಮಾಡಿ, ಬರೆದಿಟ್ಟ ಅಂಕಿಯೊಂದಿಗೆ ಹೋಲಿಸಿ.

ಇಲ್ಲಿ ಎಲ್ಲರೂ ಮರೆಯುವ ಒಂದು ವಿಷಯವಿದೆ. ಹೊದಿಕೆ ಹಾಕಿದ ತೊಟ್ಟಿಗೆ ಹಳೆಯ ದೊಡ್ಡ ಹೀಟರ್ ಅಪಾಯಕಾರಿ. ಅಗ್ಗದ ಹೀಟರ್‌ಗಳ ಥರ್ಮೋಸ್ಟಾಟ್ ಕೆಟ್ಟು ಆನ್ ಆಗಿಯೇ ಕಚ್ಚಿಕೊಳ್ಳುವುದು ಅಪರೂಪವಲ್ಲ. 60 ಲೀಟರ್ ತೊಟ್ಟಿಯಲ್ಲಿ 200 ವ್ಯಾಟ್ ಹೀಟರ್ ಹಾಗೆ ಕಚ್ಚಿಕೊಂಡರೆ ನೀರು ಗಂಟೆಗೆ ಎರಡು ಡಿಗ್ರಿಗೂ ಹೆಚ್ಚು ಏರುತ್ತದೆ. ನೀವು ಕಚೇರಿಯಿಂದ ಮನೆಗೆ ಬರುವಷ್ಟರಲ್ಲಿ ಮೀನು ಉಳಿಯುವುದಿಲ್ಲ. ಅದೇ 50 ವ್ಯಾಟ್‌ನದಾದರೆ, ಕೋಣೆ 20 ಡಿಗ್ರಿ ಇರುವಾಗ ಬಿಡದೆ ಉರಿದರೂ ನೀರು 30–31 ಡಿಗ್ರಿಗೆ ಬಂದು ನಿಲ್ಲುತ್ತದೆ. ಬೆಂಗಳೂರಿನ ಚಳಿಗೆ ಹೊದಿಸಿದ ಎರಡು ಅಡಿ ತೊಟ್ಟಿಗೆ 50 ವ್ಯಾಟ್, ಬೀದರ್‌ನ ಚಳಿಗೆ 75 ಸಾಕು. ಹೊರಗಿನಿಂದ ಜೋಡಿಸುವ ಡಿಜಿಟಲ್ ನಿಯಂತ್ರಕ ಹಾಕಿಕೊಂಡರೆ ಇನ್ನೂ ಭದ್ರ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ವೈರು ಪ್ಲಗ್‌ಗಿಂತ ಕೆಳಗೆ ಇಳಿಬಿದ್ದು ಮೇಲೇರುವಂತಿರಲಿ. ಜಾರಿದ ಹನಿ ಪ್ಲಗ್ ತಲುಪದೆ ಅಲ್ಲೇ ತೊಟ್ಟಿಕ್ಕುತ್ತದೆ. ನೀರು ಬದಲಿಸುವ ಮುನ್ನ ಹೀಟರ್ ಆರಿಸಿ ಕಾಲು ಗಂಟೆ ಬಿಡಿ. ಬಿಸಿ ಹೀಟರ್ ನೀರಿನಿಂದ ಹೊರಬಂದರೆ ಅದರ ಗಾಜು ಬಿರುಕು ಬಿಡುತ್ತದೆ.

ಕರೆಂಟ್ ಹೋದಾಗ ಹೊದಿಕೆಯ ಇನ್ನೊಂದು ಲಾಭ ಗೊತ್ತಾಗುತ್ತದೆ. ತೆರೆದ ತೊಟ್ಟಿ ನಾಲ್ಕು ಗಂಟೆಯಲ್ಲಿ ಹತ್ತಿರ ಹತ್ತಿರ ನಾಲ್ಕು ಡಿಗ್ರಿ ತಣ್ಣಗಾದರೆ ಹೊದಿಸಿದ್ದು ಎರಡು ಡಿಗ್ರಿಯೊಳಗೆ ಇರುತ್ತದೆ. ರಾತ್ರಿಯಿಡೀ ಕರೆಂಟ್ ಇಲ್ಲದ ಮಲೆನಾಡಿನ ಮನೆಗಳಲ್ಲಿ ಡಿಸ್ಕಸ್ ಸಾಕುವವರಿಗೆ ನಾನು ಹೊದಿಕೆ ಹಾಕಿ ಎನ್ನುವುದು ಬಿಲ್ಲಿಗಾಗಿ ಅಲ್ಲ, ಇದಕ್ಕಾಗಿ.

ನೀರು ಬದಲಿಸುವುದನ್ನು ಬೆಳಿಗ್ಗೆ ಇಟ್ಟುಕೊಳ್ಳಬೇಡಿ. ಮಧ್ಯಾಹ್ನ ಮೂರರ ಹೊತ್ತಿಗೆ ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಬೆಚ್ಚಗಾಗಿರುತ್ತದೆ. ಇದರಿಂದ ಉಳಿಯುವ ಯೂನಿಟ್ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಆದರೆ ಮೀನಿಗೆ ತಣ್ಣೀರಿನ ಆಘಾತ ತಪ್ಪುತ್ತದೆ.

ಬಿಚ್ಚುವ ಕಾಲ

ಶಿವರಾತ್ರಿ ಕಳೆದ ಮೇಲೆ ಚಳಿ ಶಿವಶಿವಾ ಎಂದು ಓಡುತ್ತದೆ ಎನ್ನುತ್ತಾರಲ್ಲ, ಥರ್ಮಾಕೋಲ್ ತೆಗೆಯಲು ಅದೇ ಗಡುವು. ಪಂಪ್ ಮತ್ತು ದೀಪದ ಶಾಖವೂ ನೀರಿಗೇ ಸೇರುವುದರಿಂದ ಏಪ್ರಿಲ್‌ನಲ್ಲಿ ಹೊದಿಸಿದ ತೊಟ್ಟಿ ಕೋಣೆಗಿಂತ ಬಿಸಿಯಾಗಿರುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಫೆಬ್ರುವರಿ ಮುಗಿಯುವ ಮೊದಲೇ ಬಿಚ್ಚಿಬಿಡಿ. ಗಾಜಿನ ಮುಚ್ಚಳದ ಬದಲು ಬೇಸಿಗೆಯಲ್ಲಿ ಬಲೆ ಹಾಕಿದರೆ ಆವಿಯೇ ನೀರನ್ನು ತಂಪಾಗಿಡುತ್ತದೆ, ಮೀನು ಹೊರಗೆ ಹಾರುವುದೂ ಇಲ್ಲ. ತೆಗೆದ ಹಾಳೆಗಳ ಮೇಲೆ ‘ಹಿಂದೆ’, ‘ಎಡ’, ‘ಬಲ’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದು, ಬಿಸಿಲು ಬೀಳದ ಕಡೆ, ಇಲಿ ಮುಟ್ಟದಷ್ಟು ಎತ್ತರದಲ್ಲಿ ಚಪ್ಪಟೆಯಾಗಿ ಇಡಿ. ಬಿಸಿಲಿಗೆ ಬಿದ್ದ ಥರ್ಮಾಕೋಲ್ ಹಳದಿಯಾಗಿ ಪುಡಿ ಉದುರತೊಡಗುತ್ತದೆ.